ಹೊಸ ರೈಲು ದಾರಿಯ ಲಾಭ: ನಾನು ಹಾಕಿದ ಲೆಕ್ಕ



ದಸರಾ ರಜೆಯಲ್ಲಿ ನಾನು ದಾವಣಗೆರೆ ವಿದ್ಯಾನಗರದ ಅತ್ತೆ ಮನೆಗೆ ಹೋಗಿದ್ದೆ. ದೊಡ್ಡಪ್ಪನೂ ಬಂದಿದ್ದರು. ಊಟಕ್ಕೆ ಕೂತಾಗ ಮಾವ, "ಶಿವಮೊಗ್ಗಕ್ಕೆ 2023ರಲ್ಲೇ ವಿಮಾನ ನಿಲ್ದಾಣ ಆಯ್ತು. ನಮಗೂ ಒಂದು ಬೇಕು ನೋಡ್ರಿ ಭಾವ" ಅಂದರು. ದೊಡ್ಡಪ್ಪ, "ನಿಮ್ಮ ವಿಮಾನದಾಗೆ ಮೆಕ್ಕೆಜೋಳ ಹೋಗ್ತತೇನ್ರಿ?" ಅಂತ ಕೇಳಿದರು. ಎಲ್ಲರೂ ನಕ್ಕರು. ನಾನು ಮಾತ್ರ ನೋಟ್ ಪುಸ್ತಕ ತೆಗೆದೆ.

ದೊಡ್ಡಪ್ಪ ಹೇಳಿದ್ದು ನಿಜವೇ. ತೂಕ ಹೆಚ್ಚು, ಬೆಲೆ ಕಡಿಮೆ ಇರುವ ಸಾಮಾನಿಗೆ ವಿಮಾನದ ಬಾಡಿಗೆ ಕಟ್ಟಿದರೆ ಏನೂ ಉಳಿಯುವುದಿಲ್ಲ. ಔಷಧಿ, ಹೂವು, ಅವಸರಕ್ಕೆ ಬೇಕಾದ ಮಿಷನ್ ಭಾಗ, ಇವುಗಳಿಗೆ ವಿಮಾನ ಸರಿ. ಒಂದು ಗೂಡ್ಸ್ ವ್ಯಾಗನ್ ಸುಮಾರು 60 ಟನ್ ಹೊರುತ್ತದೆ, ಅಂದರೆ 600 ಕ್ವಿಂಟಾಲ್! ನಮ್ಮ ಮಂಡಕ್ಕಿಯದು ಬೇರೆ ಕಥೆ. ಅದಕ್ಕೆ ತೂಕವೇ ಇಲ್ಲ, ಜಾಗ ಮಾತ್ರ ತಿನ್ನುತ್ತದೆ.

ಈಗ ಬೆಂಗಳೂರಿನ ರೈಲು ತುಮಕೂರಿನಿಂದ ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿಕೊಂಡು ದಾವಣಗೆರೆಗೆ ಬರುತ್ತದೆ. ಒಟ್ಟು ಸುಮಾರು 326 ಕಿ.ಮೀ. ತುಮಕೂರು-ಚಿತ್ರದುರ್ಗ-ದಾವಣಗೆರೆ ನೇರ ಮಾರ್ಗಕ್ಕೆ 2011-12ರಲ್ಲಿ ಮಂಜೂರಾತಿ ಸಿಕ್ಕಿತು. ಕೆಲಸ ಇನ್ನೂ ಮುಗಿದಿಲ್ಲ. ಅದರ ಉದ್ದ ಸುಮಾರು 191 ಕಿ.ಮೀ. ಬೆಂಗಳೂರಿನಿಂದ ತುಮಕೂರಿಗೆ 69 ಸೇರಿಸಿದರೆ 260. ಹಾಗಾದರೆ 66 ಕಿ.ಮೀ. ಉಳಿತಾಯ. ರೈಲಿನ ಟಿಕೆಟ್ ದೂರದ ಮೇಲೆ ಇರುವುದರಿಂದ ದುಡ್ಡೂ ಉಳಿಯುತ್ತದೆ.

ರೈಲು ಗಂಟೆಗೆ 60 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಹೋಗಿ ಬರಲು 2 ಗಂಟೆ 12 ನಿಮಿಷ ಉಳಿಯಿತು. ಮಾವ ವ್ಯಾಪಾರಕ್ಕೆ ತಿಂಗಳಿಗೆ ಎರಡು ಸಲ ಹೋಗುತ್ತಾರೆ. ವರ್ಷಕ್ಕೆ 24 ಸಲ, 52 ಗಂಟೆ 48 ನಿಮಿಷ. ದಿನಕ್ಕೆ 8 ಗಂಟೆ ಕೆಲಸ, 500 ರೂಪಾಯಿ ಅಂತ ಹಿಡಿದರೆ 3,300 ರೂಪಾಯಿ ಲಾಭ. ಖುಷಿಯಿಂದ ತೋರಿಸಿದೆ. ಅತ್ತೆ, "ನಿಮ್ಮ ಮಾವ ರಾತ್ರಿ ರೈಲಿಗೆ ಹೋಗೋದು. ನಿದ್ದೆ ಮಾಡಿದ್ದಕ್ಕೆ ಯಾರು ಕೂಲಿ ಕೊಡ್ತಾರೆ?" ಅಂದುಬಿಟ್ಟರು. ಹಗಲು ಹೋಗುವವರಿಗೆ ಮಾತ್ರ ಈ ಲೆಕ್ಕ ಅಂತ ಪಕ್ಕದಲ್ಲಿ ಬರೆದುಕೊಂಡೆ.

ಹೊತ್ತು ಉಳಿಯುವುದೊಂದೇ ಲಾಭವಲ್ಲ. 2019ರಲ್ಲಿ ಹೊಸಪೇಟೆಯಿಂದ ಕೊಟ್ಟೂರು, ಹರಪನಹಳ್ಳಿ ಮೇಲೆ ಹರಿಹರಕ್ಕೆ ಪ್ಯಾಸೆಂಜರ್ ರೈಲು ಶುರುವಾಯಿತು. ಹರಪನಹಳ್ಳಿ ಕಡೆಯ ನಮ್ಮ ಅಜ್ಜಿಗೆ ಬಸ್ ಹತ್ತಿದರೆ ವಾಂತಿ. ಮೊದಲು ಅವರು ಕಣ್ಣು ತೋರಿಸಲು ಈ ಕಡೆ ಬರುತ್ತಲೇ ಇರಲಿಲ್ಲ. ಈಗ ಬರುತ್ತಾರೆ. ಬರದೇ ಇದ್ದವರು ಬಂದದ್ದನ್ನು ಎಷ್ಟು ರೂಪಾಯಿ ಅಂತ ಬರೆಯುವುದು?

ಆಮೇಲೆ ಪುಟದ ಮಧ್ಯೆ ಗೆರೆ ಎಳೆದು ಒಂದು ಕಡೆ ಲಾಭ, ಇನ್ನೊಂದು ಕಡೆ ಖರ್ಚು ಅಂತ ಬರೆದೆ. ಚಿತ್ರದುರ್ಗದ ದಿಕ್ಕಿನಲ್ಲಿರುವ ದೊಡ್ಡಪ್ಪನ ಎರಡು ಎಕರೆ ಹೊಲ ಇದೇ ಹೊಸ ಮಾರ್ಗಕ್ಕೆ ಹೋಗಿದೆ. ಪರಿಹಾರ ಬಂತು, ಅಕ್ಕನ ಮದುವೆಗೂ ಮನೆಯ ಮಾಳಿಗೆಗೂ ಖರ್ಚಾಯಿತು. ಈಗ ದೊಡ್ಡಪ್ಪ ಬೇರೆಯವರ ತೋಟದಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಖರ್ಚಿನ ಕಡೆ ಏನು ಬರೆಯಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ವರ್ಷಕ್ಕೆ 40 ಕ್ವಿಂಟಾಲ್ ಮೆಕ್ಕೆಜೋಳ ಅಂತ ಬರಿ. ಎಷ್ಟು ವರ್ಷ ಅಂತ ಬರೀಬ್ಯಾಡ."