ಲೂಪಸ್ ಇದ್ದವರಿಗೆ ಮುಟ್ಟು ನಿಲ್ಲುವಾಗ

ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಕಾದು, ಫ್ಯಾನಿನ ಕೆಳಗೂ ನೈಟಿ ತೊಯ್ಯುವಷ್ಟು ಬೆವರು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಇದು ಹೊಸದಲ್ಲ. ಜೊತೆಗೆ ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಕೂಡ ಇದ್ದರೆ? ಸುಸ್ತು, ನಿದ್ದೆಗೇಡು, ಕೀಲುನೋವು ಎರಡರಲ್ಲೂ ಇರುತ್ತವೆ. ಯಾವುದು ಯಾವುದರದ್ದೆಂದು ವೈದ್ಯರೇ ತಡಕಾಡಬೇಕು.

ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೆಂಗಸರು. ಈಸ್ಟ್ರೋಜೆನ್ ರೋಗವನ್ನು ಕೆಣಕೀತೆಂಬ ಅಂಜಿಕೆಯಿಂದ ಬಹುಕಾಲ ಇವರನ್ನು ಮುಟ್ಟು ನಿಲ್ಲುವಾಗಿನ ಬೇಗೆಗೆ ಕೊಡುವ ಈಸ್ಟ್ರೋಜೆನ್ ಹಾರ್ಮೋನ್ ಚಿಕಿತ್ಸೆಯಿಂದ ದೂರವೇ ಇಟ್ಟಿದ್ದರು. ಅಮೆರಿಕದ ಸೆಲೀನಾ ಅಧ್ಯಯನ 351 ಮಹಿಳೆಯರ ಮೇಲೆ ಒಂದು ವರ್ಷ ಕಣ್ಣಿಟ್ಟು, 2005ರಲ್ಲಿ ಫಲಿತಾಂಶ ಹೇಳಿತು: ಹಾರ್ಮೋನ್ ಪಡೆದವರಲ್ಲಿ ಸಣ್ಣಪುಟ್ಟ ಉಲ್ಬಣಗಳು ಹೆಚ್ಚಿದವು, ತೀವ್ರ ಉಲ್ಬಣಗಳಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಅಂಜಿಕೆ ಪೂರ್ತಿ ಸುಳ್ಳಾಗಲಿಲ್ಲ, ನಿಜ. ಆದರೆ ಅದು ಅಳತೆ ಮೀರಿತ್ತು. ಅಧ್ಯಯನಕ್ಕೆ ಆರಿಸಿದ್ದು ರೋಗ ಹತೋಟಿಯಲ್ಲಿದ್ದವರನ್ನು ಎಂಬುದನ್ನೂ ಮರೆಯುವಂತಿಲ್ಲ.

ಹೆಚ್ಚು ಹೆದರಬೇಕಾದದ್ದು ರಕ್ತ ಹೆಪ್ಪುಗಟ್ಟುವುದಕ್ಕೆ. ಕೆಲವು ಲೂಪಸ್ ರೋಗಿಗಳ ರಕ್ತದಲ್ಲಿ ಹೆಪ್ಪಿನ ಅಪಾಯ ಹೆಚ್ಚಿಸುವ ಆಂಟಿಫಾಸ್ಫೊಲಿಪಿಡ್ ಎಂಬ ಪ್ರತಿಕಾಯಗಳಿರುತ್ತವೆ. ಅಂಥವರಿಗೆ ಹಾರ್ಮೋನ್ ಚಿಕಿತ್ಸೆ ಬೇಡವೆನ್ನುವುದು ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2020ರ ಸಲಹೆ. ಉಳಿದವರಿಗೂ ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪಟ್ಟಿ ವಾಸಿ. ಅದರ ಈಸ್ಟ್ರೋಜೆನ್ ಮೊದಲು ಯಕೃತ್ತಿಗೆ ಹೋಗದೆ ನೇರ ರಕ್ತಕ್ಕೆ ಸೇರುವುದರಿಂದ ಹೆಪ್ಪಿನ ಭಯ ಕಡಿಮೆ.

ಮೂಳೆಯ ಮಾತು ಬೇರೆಯೇ. ಲೂಪಸ್‌ಗೆಂದು ವರ್ಷಗಟ್ಟಲೆ ನುಂಗಿದ ಸ್ಟಿರಾಯ್ಡ್ ಒಂದು ಕಡೆಯಿಂದ, ಮುಟ್ಟು ನಿಂತ ಮೇಲಿನ ಈಸ್ಟ್ರೋಜೆನ್ ಕೊರತೆ ಇನ್ನೊಂದು ಕಡೆಯಿಂದ ಅದನ್ನು ಸವೆಸುತ್ತವೆ.

ಆದ್ದರಿಂದ ಸ್ತ್ರೀರೋಗ ತಜ್ಞರು ಹಾರ್ಮೋನ್ ಬರೆದುಕೊಡುವ ಮುನ್ನ, ಲೂಪಸ್ ನೋಡುವ ವೈದ್ಯರ ಹಳೆಯ ಫೈಲು ಅವರ ಮೇಜಿನ ಮೇಲಿರಲಿ. ಪ್ರತಿಕಾಯಗಳ ಪರೀಕ್ಷೆ ಆಗಿದೆಯೇ, ಮೂಳೆ ಸಾಂದ್ರತೆ ಎಷ್ಟಿದೆ ಎಂದು ಕೇಳಲು ಸಂಕೋಚ ಬೇಡ.