ಸ್ವರಪೆಟ್ಟಿಗೆಯನ್ನು ಮಾಡೋಣ, ನಾದವನ್ನು ಅಂಕೆಯಲ್ಲಿ ಬರೆಯೋಣ

ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತರ ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಶ್ರುತಿ ಕೊಡುವವರೊಬ್ಬರು ಕುಳಿತಿರುತ್ತಿದ್ದರು. ಈಗ ಅನೇಕ ಕಡೆಗಳಲ್ಲಿ ಆ ಜಾಗದಲ್ಲಿ ಒಂದು ಸಣ್ಣ ಪೆಟ್ಟಿಗೆ ಇದೆ. ಗುಂಡಿ ತಿರುಗಿಸಿ ‘ಕಪ್ಪು ಎರಡು’ ಎಂದೋ ‘ಬಿಳಿ ನಾಲ್ಕು’ ಎಂದೋ ಶ್ರುತಿಯನ್ನು ಇಟ್ಟರೆ ಬೆಳಗಿನವರೆಗೂ ಅದು ಕದಲದೆ ನುಡಿಯುತ್ತದೆ. ಅದರಲ್ಲಿ ತಿದಿಯಿಲ್ಲ, ರೀಡು ಇಲ್ಲ, ತಂತಿಯೂ ಇಲ್ಲ. ಹಾಗಾದರೆ ನಾದ ಎಲ್ಲಿಂದ ಬರುತ್ತದೆ?

ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಹುಡುಕುವುದಕ್ಕಿಂತ ಅಂಥ ಒಂದು ಯಂತ್ರವನ್ನು ಕೈಯಾರೆ ಮಾಡಿ ನೋಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ಒಂಬತ್ತನೆಯ ತರಗತಿಯ ಗಣಿತ, ಸ್ವಲ್ಪ ತಾಳ್ಮೆ, ರೇಡಿಯೋ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಕೆಲವು ಸಾಮಾನುಗಳು ಸಾಕು.

ಸ್ವಲ್ಪ ಚರಿತ್ರೆ

ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸಿ ಅದನ್ನು ಬೇಕಾದಂತೆ ರೂಪಿಸುವ ಯಂತ್ರಕ್ಕೆ ಸಿಂಥಸೈಸರ್ ಎಂದು ಹೆಸರು. ನಾವು ಇಲ್ಲಿ ಅದನ್ನು ಸ್ವರಪೆಟ್ಟಿಗೆ ಎಂದು ಕರೆಯೋಣ. ಅಮೆರಿಕದ ರಾಬರ್ಟ್ ಮೂಗ್ ಎಂಬವರು 1964ರಲ್ಲಿ ತಮ್ಮ ಯಂತ್ರವನ್ನು ಜನರ ಮುಂದಿಟ್ಟರು. ಅಂಥದೊಂದು ಯಂತ್ರ 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತ್ತು. ನಮ್ಮ ಸಂಗೀತಕ್ಕೆ ಒಗ್ಗುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮತ್ತು ತಂಬೂರಿಗಳನ್ನು 1970ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದವರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಪ್ರಮುಖರು. ಅವರು ಇಂಜಿನಿಯರರು, ಜೊತೆಗೆ ಕೊಳಲು ವಾದಕರೂ ಹೌದು. ಸಂಗೀತ ಬಲ್ಲ ಕೈ ಮತ್ತು ಲೆಕ್ಕ ಬಲ್ಲ ತಲೆ ಒಂದೇ ಮನುಷ್ಯನಲ್ಲಿ ಕೂಡಿದಾಗ ಏನಾಗಬಹುದೆಂಬುದಕ್ಕೆ ಇದೊಂದು ನಿದರ್ಶನ.

ಸ್ವರ ಎಂದರೆ ಎಣಿಕೆ

ಶಬ್ದವೆಂದರೆ ಕಂಪನ. ಒಂದು ಸೆಕೆಂಡಿನಲ್ಲಿ ಎಷ್ಟು ಕಂಪನಗಳಾಗುತ್ತವೆಯೋ ಅದು ಆವೃತ್ತಿ. ಅದನ್ನು ಹರ್ಟ್ಸ್ ಎಂಬ ಮಾನದಲ್ಲಿ ಹೇಳುತ್ತೇವೆ. ಲೆಕ್ಕಕ್ಕೆ ಸುಲಭವಾಗಲೆಂದು ಷಡ್ಜವನ್ನು 240 ಹರ್ಟ್ಸ್ ಎಂದು ಇಟ್ಟುಕೊಳ್ಳೋಣ. ಆಗ ಮೋಹನ ರಾಗದ ಸ್ವರಗಳು ಹೀಗೆ ಬರುತ್ತವೆ: ಸ 240, ರಿ 270, ಗ 300, ಪ 360, ಧ 400, ಮೇಲಿನ ಸ 480. ಪಂಚಮವು ಷಡ್ಜದ ಒಂದೂವರೆ ಪಟ್ಟು, ಮೇಲಿನ ಷಡ್ಜವು ಸರಿಯಾಗಿ ಎರಡು ಪಟ್ಟು ಇರುವುದನ್ನು ಗಮನಿಸಿರಿ. ಸಂಗೀತ ಬಲ್ಲವರ ಕಿವಿ ‘ಸೇರುತ್ತದೆ’ ಎನ್ನುವ ಕಡೆಗಳಲ್ಲೆಲ್ಲ ಇಂಥ ಸರಳ ಅನುಪಾತಗಳಿರುತ್ತವೆ.

ಆದ್ದರಿಂದ ನಮ್ಮ ಕೆಲಸ ಇಷ್ಟೇ: ಒಂದು ಸೆಕೆಂಡಿನಲ್ಲಿ 240 ಸಲ ಏರಿ ಇಳಿಯುವ ವಿದ್ಯುತ್ತನ್ನು ಹುಟ್ಟಿಸಿ ಸ್ಪೀಕರಿಗೆ ಕೊಡಬೇಕು. ಸ್ಪೀಕರಿನ ಕಾಗದ 240 ಸಲ ಮುಂದೆ ಹಿಂದೆ ಚಲಿಸಿದರೆ ಗಾಳಿಯೂ ಅಷ್ಟೇ ಸಲ ಕಂಪಿಸುತ್ತದೆ. ನಮ್ಮ ಕಿವಿಗೆ ಷಡ್ಜ ಕೇಳುತ್ತದೆ.

ಸುರಂಗದ ನೀರು ಮತ್ತು 555

ಈ ಏರಿಳಿತಕ್ಕೆ 555 ಎಂಬ ಎಂಟು ಕಾಲಿನ ಐಸಿ ಬಹಳ ಅನುಕೂಲ. ಇದನ್ನು 1971ರಲ್ಲಿ ಹಾನ್ಸ್ ಕಾಮೆನ್‌ಜಿಂಡ್ ಎಂಬ ಇಂಜಿನಿಯರರು ವಿನ್ಯಾಸ ಮಾಡಿದರು. 1972ರಲ್ಲಿ ಅದು ಮಾರುಕಟ್ಟೆಗೆ ಬಂತು. ಇಂದಿಗೂ ಅಗ್ಗವಾಗಿ ಸಿಗುತ್ತದೆ.

ಅದು ಕೆಲಸ ಮಾಡುವ ಬಗೆಯನ್ನು ನಮ್ಮ ತೋಟದಲ್ಲೇ ಕಾಣಬಹುದು. ಗುಡ್ಡದ ಸುರಂಗದಿಂದ ಅಡಿಕೆ ಮರದ ದಂಬೆಯಲ್ಲಿ ಹರಿದು ಬಂದ ನೀರು ಟ್ಯಾಂಕಿಗೆ ಬೀಳುತ್ತಿದೆ ಎಂದು ಭಾವಿಸಿರಿ. ಟ್ಯಾಂಕಿ ಮೂರರಲ್ಲಿ ಎರಡು ಪಾಲು ತುಂಬಿದ ಕೂಡಲೇ ಕೆಲಸದವನು ಬೆಣೆ ತೆಗೆದು ನೀರು ಬಿಡುತ್ತಾನೆ. ಮೂರರಲ್ಲಿ ಒಂದು ಪಾಲಿಗೆ ಇಳಿದ ಕೂಡಲೇ ಬೆಣೆ ಹಾಕುತ್ತಾನೆ. ಮತ್ತೆ ತುಂಬುತ್ತದೆ, ಮತ್ತೆ ಬಿಡುತ್ತಾನೆ. ದಂಬೆ ಅಗಲವಾದರೆ ಈ ಕ್ರಿಯೆ ಬೇಗ ಬೇಗ ನಡೆಯುತ್ತದೆ. ಟ್ಯಾಂಕಿ ದೊಡ್ಡದಾದರೆ ನಿಧಾನವಾಗುತ್ತದೆ.

ಇಲ್ಲಿ ಟ್ಯಾಂಕಿ ಎಂದರೆ ಕೆಪಾಸಿಟರ್, ದಂಬೆ ಎಂದರೆ ರೆಸಿಸ್ಟರ್, ಬೆಣೆ ತೆಗೆದು ಹಾಕುವವನೇ 555. ಬ್ಯಾಟರಿಯ ಒತ್ತಡದ ಮೂರರಲ್ಲಿ ಎರಡು ಪಾಲು ಮತ್ತು ಒಂದು ಪಾಲು, ಇವೆರಡೇ ಅವನ ಗುರುತುಗಳು. ಗುರುತುಗಳು ಪಾಲಿನ ಲೆಕ್ಕದಲ್ಲಿರುವುದರಿಂದ ಬ್ಯಾಟರಿ ಸ್ವಲ್ಪ ಬಳಲಿದರೂ ಶ್ರುತಿ ಅಷ್ಟಾಗಿ ಕೆಡುವುದಿಲ್ಲ.

ಬೇಕಾಗುವ ಸಾಮಾನುಗಳು

555 ಐಸಿ ಒಂದು. ಬೆಸುಗೆಯಿಲ್ಲದೆ ಜೋಡಿಸಲು ಬ್ರೆಡ್‌ಬೋರ್ಡ್ ಒಂದು. 9 ವೋಲ್ಟಿನ ಬ್ಯಾಟರಿ ಮತ್ತು ಅದರ ಟೊಪ್ಪಿ. 1,000 ಓಮ್ ರೆಸಿಸ್ಟರ್ ಒಂದು, ಇದರ ಮೇಲೆ ಕಂದು, ಕಪ್ಪು, ಕೆಂಪು ಪಟ್ಟೆಗಳಿರುತ್ತವೆ. 100 ಓಮ್ ರೆಸಿಸ್ಟರ್ ಒಂದು, ಇದರ ಪಟ್ಟೆಗಳು ಕಂದು, ಕಪ್ಪು, ಕಂದು. 47,000 ಓಮಿನ ಪ್ರಿಸೆಟ್ ಆರು, ಇವು ಸ್ಕ್ರೂಡ್ರೈವರಿನಿಂದ ತಿರುಗಿಸಿ ಬೆಲೆ ಬದಲಿಸಬಹುದಾದ ರೆಸಿಸ್ಟರುಗಳು. 104 ಎಂದು ಬರೆದಿರುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು. 103 ಎಂದು ಬರೆದಿರುವ 0.01 ಮೈಕ್ರೋಫ್ಯಾರಡಿನದು ಒಂದು. 10 ಮೈಕ್ರೋಫ್ಯಾರಡಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಂದು. 8 ಓಮಿನ ಸಣ್ಣ ಸ್ಪೀಕರ್. ಆರು ಡ್ರಾಯಿಂಗ್ ಪಿನ್ನುಗಳು, ಒಂದು ಮರದ ತುಂಡು, ಒಂದು ಮೊಳೆ, ತಂತಿ.

ಜೋಡಿಸುವ ಕ್ರಮ

ಐಸಿಯ ಕಚ್ಚು ಮೇಲಕ್ಕೆ ಬರುವಂತೆ ಇಡಿರಿ. ಎಡಗಡೆಯಲ್ಲಿ ಮೇಲಿನಿಂದ ಕೆಳಗೆ 1, 2, 3, 4. ಬಲಗಡೆಯಲ್ಲಿ ಕೆಳಗಿನಿಂದ ಮೇಲೆ 5, 6, 7, 8 ಎಂದು ಕಾಲುಗಳನ್ನು ಎಣಿಸಬೇಕು.

1ನೇ ಕಾಲನ್ನು ಬ್ಯಾಟರಿಯ ಋಣಕ್ಕೂ 8 ಮತ್ತು 4ನೇ ಕಾಲುಗಳನ್ನು ಧನಕ್ಕೂ ಸೇರಿಸಿರಿ. 8 ಮತ್ತು 7ರ ನಡುವೆ 1,000 ಓಮ್ ಇರಲಿ. 2 ಮತ್ತು 6ನ್ನು ಒಂದು ತಂತಿಯಿಂದ ಕೂಡಿಸಿ, ಅಲ್ಲಿಂದ ಋಣಕ್ಕೆ 104ರ ಕೆಪಾಸಿಟರನ್ನು ಹಾಕಿರಿ. 5ನೇ ಕಾಲಿನಿಂದ ಋಣಕ್ಕೆ 103ರದನ್ನು ಹಾಕಿರಿ. 3ನೇ ಕಾಲಿನಿಂದ 10 ಮೈಕ್ರೋಫ್ಯಾರಡಿನ ಧನಕಾಲಿಗೆ, ಅದರ ಋಣಕಾಲಿನಿಂದ 100 ಓಮಿಗೆ, ಅಲ್ಲಿಂದ ಸ್ಪೀಕರಿಗೆ, ಸ್ಪೀಕರಿನ ಇನ್ನೊಂದು ತುದಿಯಿಂದ ಋಣಕ್ಕೆ ಸಂಪರ್ಕ ಕೊಡಿರಿ.

ಇನ್ನು ಮನೆ ಕಟ್ಟುವುದು, ಎಂದರೆ ಸ್ವರಗಳ ಮನೆ. ಮರದ ತುಂಡಿನ ಮೇಲೆ ಆರು ಡ್ರಾಯಿಂಗ್ ಪಿನ್ನುಗಳನ್ನು ಸಾಲಾಗಿ ಚುಚ್ಚಿರಿ. ಆರು ಪ್ರಿಸೆಟ್‌ಗಳ ನಡುಗಾಲುಗಳನ್ನೆಲ್ಲ ಕೂಡಿಸಿ 7ನೇ ಕಾಲಿಗೆ ಕೊಡಿರಿ. ಪ್ರತಿಯೊಂದರ ಒಂದು ಬದಿಯ ಕಾಲನ್ನು ಒಂದೊಂದು ಪಿನ್ನಿಗೆ ಸುತ್ತಿರಿ. 2 ಮತ್ತು 6 ಕೂಡಿದ ಜಾಗದಿಂದ ಉದ್ದ ತಂತಿಯೊಂದನ್ನು ಎಳೆದು ಅದರ ತುದಿಗೆ ಮೊಳೆ ಕಟ್ಟಿರಿ. ಮೊಳೆಯನ್ನು ಯಾವ ಪಿನ್ನಿಗೆ ಮುಟ್ಟಿಸುತ್ತೀರೋ ಆ ಸ್ವರ ನುಡಿಯುತ್ತದೆ. 1967ರಲ್ಲಿ ಇಂಗ್ಲೆಂಡಿನ ಬ್ರಯನ್ ಜಾರ್ವಿಸ್ ರೂಪಿಸಿದ ಸ್ಟೈಲೋಫೋನ್ ಎಂಬ ವಾದ್ಯವನ್ನೂ ಹೀಗೆ ಕಡ್ಡಿ ಮುಟ್ಟಿಸಿಯೇ ನುಡಿಸುತ್ತಾರೆ.

ಎಚ್ಚರಿಕೆ: ಬ್ಯಾಟರಿಯನ್ನು ಮಾತ್ರ ಬಳಸಬೇಕು. ಗೋಡೆಯ ಪ್ಲಗ್ಗಿನ ವಿದ್ಯುತ್ತಿಗೆ ಯಾವ ಕಾರಣಕ್ಕೂ ಕೈ ಹಾಕಬಾರದು. ಎಲ್ಲ ಸಂಪರ್ಕಗಳನ್ನೂ ಇನ್ನೊಬ್ಬರು ಪರೀಕ್ಷಿಸಿದ ಮೇಲೆಯೇ ಬ್ಯಾಟರಿ ಜೋಡಿಸಿರಿ.

ಶ್ರುತಿ ಮಾಡುವ ಲೆಕ್ಕ

1,000 ಓಮಿಗೆ ಪ್ರಿಸೆಟ್ಟಿನ ಬೆಲೆಯ ಇಮ್ಮಡಿಯನ್ನು ಕೂಡಿಸಿರಿ. ಮೊತ್ತವನ್ನು ಕೆಪಾಸಿಟರಿನ ಬೆಲೆಯಿಂದ ಗುಣಿಸಿರಿ. ಬಂದ ಗುಣಲಬ್ಧದಿಂದ 1.44ನ್ನು ಭಾಗಿಸಿದರೆ ಆವೃತ್ತಿ ಸಿಗುತ್ತದೆ.

ಪ್ರಿಸೆಟ್ 29,500 ಓಮ್ ಇದ್ದರೆ ಇಮ್ಮಡಿ 59,000. 1,000 ಕೂಡಿಸಿದರೆ 60,000. 0.1 ಮೈಕ್ರೋಫ್ಯಾರಡ್ ಎಂದರೆ 0.0000001 ಫ್ಯಾರಡ್. ಗುಣಿಸಿದರೆ 0.006. 1.44ನ್ನು 0.006ರಿಂದ ಭಾಗಿಸಿದರೆ 240. ಇದೇ ನಮ್ಮ ಷಡ್ಜ. ಇದೇ ರೀತಿ ರಿಷಭಕ್ಕೆ ಸುಮಾರು 26,200, ಗಾಂಧಾರಕ್ಕೆ 23,500, ಪಂಚಮಕ್ಕೆ 19,500, ಧೈವತಕ್ಕೆ 17,500, ಮೇಲಿನ ಷಡ್ಜಕ್ಕೆ 14,500 ಓಮ್ ಬರುತ್ತದೆ. ಇವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ತಾಳೆ ನೋಡಬೇಕು. ಬಿಡಿಭಾಗಗಳ ಮೇಲೆ ಬರೆದ ಬೆಲೆಗೂ ನಿಜವಾದ ಬೆಲೆಗೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ಲೆಕ್ಕ ನಮ್ಮನ್ನು ಸ್ವರದ ಹತ್ತಿರ ಮುಟ್ಟಿಸುತ್ತದೆ. ಕೊನೆಯ ತೀರ್ಪು ಕೊಡುವುದು ಕಿವಿ. ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಪ್ರಿಸೆಟ್ ತಿರುಗಿಸಿ ಸರಿಮಾಡಿರಿ.

ಈ ನಾದ ಕೊಂಚ ಒರಟಾಗಿ ಕೇಳುತ್ತದೆ. ವಿದ್ಯುತ್ತು ಮೆಲ್ಲನೆ ಏರಿಳಿಯದೆ ಥಟ್ಟನೆ ಏರಿ ಥಟ್ಟನೆ ಇಳಿಯುವುದೇ ಇದಕ್ಕೆ ಕಾರಣ. ಆಗ 240ರ ಜೊತೆಗೆ 720, 1,200 ಹೀಗೆ ಬೆಸಸಂಖ್ಯೆಯ ಪಟ್ಟುಗಳೂ ಹುಟ್ಟುತ್ತವೆ. ಸ್ಪೀಕರಿನ ಮೇಲೆ ತೆಂಗಿನ ಗೆರಟೆಯೊಂದನ್ನು ಕವುಚಿ, ಸ್ವಲ್ಪ ಎತ್ತಿ ಇಳಿಸಿ ಕೇಳಿರಿ. ಸ್ವರ ಅದೇ, ಬಣ್ಣ ಬೇರೆ! ದೊಡ್ಡ ಯಂತ್ರಗಳಲ್ಲಿ ಫಿಲ್ಟರ್ ಎಂಬ ಭಾಗ ಮಾಡುವ ಕೆಲಸವೂ ಇಂಥದೇ.

ನಾದವನ್ನು ಅಂಕೆಯಲ್ಲಿ ಬರೆಯುವುದು

ಇನ್ನು ಎರಡನೆಯ ಭಾಗಕ್ಕೆ ಬರೋಣ. ನುಡಿದ ನಾದ ಗಾಳಿಯಲ್ಲಿ ಕರಗಿ ಹೋಗುತ್ತದೆ. ಅದನ್ನು ಹಿಡಿದಿಡುವುದು ಹೇಗೆ? ಮತ್ತೆ ಟ್ಯಾಂಕಿಯ ಬಳಿಗೆ ಹೋಗೋಣ. ಅಳತೆಗೋಲು ನಿಲ್ಲಿಸಿ ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆದಿಟ್ಟರೆ, ನಾಳೆ ಆ ಅಂಕೆಗಳಿಂದ ಗ್ರಾಫ್ ಕಾಗದದಲ್ಲಿ ಏರಿಳಿತವನ್ನು ಮತ್ತೆ ಬಿಡಿಸಬಹುದು. ನಾದದ ಅಲೆಯ ಎತ್ತರವನ್ನು ಹೀಗೆ ಸಮಾನ ಅಂತರದಲ್ಲಿ ಅಳೆದು ಬರೆಯುವುದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ಕಾಂಪ್ಯಾಕ್ಟ್ ಡಿಸ್ಕ್ 1982ರಲ್ಲಿ ಮಾರಾಟಕ್ಕೆ ಬಂದಾಗ ಅದರಲ್ಲಿ ಒಂದು ಸೆಕೆಂಡಿಗೆ 44,100 ಅಳತೆಗಳಿದ್ದವು. ಪ್ರತಿ ಅಳತೆಗೂ 65,536 ಮಟ್ಟಗಳ ಅಳತೆಗೋಲು. ನಮ್ಮ ಷಡ್ಜದ ಒಂದೊಂದು ಅಲೆಗೂ ಸುಮಾರು 184 ಅಳತೆಗಳು ಬೀಳುತ್ತವೆ.

ಇಷ್ಟೊಂದು ಅಳತೆ ಯಾಕೆ? ಗಂಟೆಗೊಮ್ಮೆ ತುಂಬಿ ಖಾಲಿಯಾಗುವ ಟ್ಯಾಂಕಿಯನ್ನು ನಾವೂ ಸರಿಯಾಗಿ ಗಂಟೆಗೊಮ್ಮೆ ಮಾತ್ರ ಹೋಗಿ ನೋಡಿದರೆ ಪ್ರತಿ ಸಲವೂ ನೀರು ಒಂದೇ ಮಟ್ಟದಲ್ಲಿ ಕಾಣುತ್ತದೆ. ನೀರು ಅಲುಗುವುದೇ ಇಲ್ಲವೆಂದು ಬರೆದುಬಿಡುತ್ತೇವೆ! ಅಂಕೆಗಳೆಲ್ಲ ಸತ್ಯ, ಆದರೆ ತೀರ್ಮಾನ ಸುಳ್ಳು. ಆದ್ದರಿಂದ ನಾದದಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡು ಪಟ್ಟಿಗಿಂತಲೂ ಹೆಚ್ಚು ಸಲ ಅಳೆಯಬೇಕು. ಹ್ಯಾರಿ ನೈಕ್ವಿಸ್ಟ್ 1928ರಲ್ಲೂ ಕ್ಲಾಡ್ ಶಾನನ್ 1949ರಲ್ಲೂ ಪ್ರಕಟಿಸಿದ ಲೇಖನಗಳು ಈ ನಿಯಮಕ್ಕೆ ಆಧಾರ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. 44,100 ಎಂಬ ಅಂಕೆ ಅದರ ಇಮ್ಮಡಿಗಿಂತ ಹೆಚ್ಚಿದೆ.

ಪ್ರಯೋಗಕ್ಕೆ ಮನೆಯ ಮೊಬೈಲ್ ಫೋನ್ ಸಾಕು. ಹಿರಿಯರ ಒಪ್ಪಿಗೆ ಪಡೆದು ಅದನ್ನು ಸ್ಪೀಕರಿನಿಂದ ಒಂದು ಗೇಣು ದೂರದಲ್ಲಿಟ್ಟು ಷಡ್ಜವನ್ನು ಒಂದೆರಡು ಸೆಕೆಂಡು ಧ್ವನಿಮುದ್ರಿಸಿರಿ. ಸ್ವರಪೆಟ್ಟಿಗೆಯ ತಂತಿಯನ್ನು ಫೋನಿಗೆ ನೇರವಾಗಿ ಚುಚ್ಚಬೇಡಿ. ಆಮೇಲೆ ಶಾಲೆಯ ಕಂಪ್ಯೂಟರಿನಲ್ಲಿ, ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ತೆರೆದು ಚಿತ್ರವನ್ನು ಹಿಗ್ಗಿಸುತ್ತಾ ಹೋಗಿರಿ. ಮೊದಲು ದಪ್ಪ ಪಟ್ಟಿ, ಆಮೇಲೆ ಅಲೆಗಳು, ಕೊನೆಗೆ ಸಾಲು ಸಾಲು ಚುಕ್ಕಿಗಳು ಕಾಣುತ್ತವೆ. ಒಂದೊಂದು ಚುಕ್ಕಿಯೂ ಒಂದೊಂದು ಅಳತೆ.

ಈಗ ಒಂದು ಚಮತ್ಕಾರ. ಆ ಅಂಕೆಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಓದಿದರೆ ಅಲೆಗಳು ಎರಡು ಪಟ್ಟು ವೇಗದಲ್ಲಿ ಮುಗಿದು 480 ಹರ್ಟ್ಸ್ ಬರುತ್ತದೆ. ಷಡ್ಜ ಮೇಲಿನ ಷಡ್ಜವಾಯಿತು! ಪಂಚಮ ಬೇಕಾದರೆ ಒಂದೂವರೆ ಹೆಜ್ಜೆಯಂತೆ ನಡೆಯಬೇಕು. ಅರ್ಧ ಹೆಜ್ಜೆಯಲ್ಲಿ ಅಂಕೆ ಇರುವುದಿಲ್ಲ. ಅತ್ತ 6, ಇತ್ತ 10 ಇದ್ದರೆ ಸರಾಸರಿ 8 ಎಂದು ತೆಗೆದುಕೊಳ್ಳಬಹುದು. ಹೀಗೆ ಒಂದೇ ಧ್ವನಿಮುದ್ರಣದಿಂದ ಎಲ್ಲ ಸ್ವರಗಳನ್ನೂ ಪಡೆಯಬಹುದು. 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಹೊರತಂದ ಫೇರ್‌ಲೈಟ್ ಎಂಬ ಯಂತ್ರ ನಿಜವಾದ ಧ್ವನಿಗಳನ್ನು ಅಂಕೆಗಳಾಗಿ ಹಿಡಿದು ಕೀಲಿಮಣೆಯಿಂದ ನುಡಿಸುವ ಈ ಮಾರ್ಗವನ್ನು ಜಗತ್ತಿಗೆ ಪರಿಚಯಿಸಿತು.

ಅಂಕೆಗೆ ಸಿಗುವುದೂ ಸಿಗದಿರುವುದೂ

ಆದರೆ ಇದಕ್ಕೊಂದು ಬೆಲೆಯಿದೆ. ಎರಡು ಪಟ್ಟು ವೇಗದಲ್ಲಿ ಓದಿದಾಗ ಒಂದು ಸೆಕೆಂಡಿನ ನಾದ ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ಚೆಂಡೆಯ ಪೆಟ್ಟನ್ನು ಹೀಗೆ ಏರಿಸಿದರೆ ಅದು ಆಟಿಕೆಯ ಸದ್ದಾಗುತ್ತದೆ.

ಇನ್ನೊಂದು ಸಂಗತಿ. ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಮನ್ನು ದೂರವಿಟ್ಟಿತ್ತು. ಅದರ ಸ್ವರಗಳು ಕದಲದೆ ನಿಂತಿರುತ್ತವೆ, ನಮ್ಮ ಸಂಗೀತದ ಗಮಕ ಅದರಲ್ಲಿ ಬಾರದು ಎಂಬುದು ಮುಖ್ಯ ಆಕ್ಷೇಪಗಳಲ್ಲೊಂದು. ನಮ್ಮ ಪಿನ್ನುಗಳ ಯಂತ್ರಕ್ಕೂ ಅದೇ ಕೊರತೆ ಇದೆ. ಪಿನ್ನುಗಳ ಬದಲು 10,000 ಓಮಿನ ರೆಸಿಸ್ಟರ್ ಒಂದರ ಜೊತೆಗೆ 1,00,000 ಓಮಿನ ತಿರುಗುಗುಂಡಿಯನ್ನು ಜೋಡಿಸಿ ನೋಡಿರಿ. ಸುಮಾರು 65ರಿಂದ 685 ಹರ್ಟ್ಸ್‌ವರೆಗೆ ಸ್ವರ ಜಾರುತ್ತದೆ. ಆದರೆ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ ಜಾರಬೇಕೆಂಬುದನ್ನು ಗುಂಡಿ ಹೇಳುವುದಿಲ್ಲ. ಅದನ್ನು ಗುರುಮುಖದಿಂದಲೇ ಕಲಿಯಬೇಕು.

ಆದ್ದರಿಂದ ಯಂತ್ರವನ್ನು ಕಂಡು ಬೆರಗಾಗುವುದೂ ಬೇಡ, ಜರೆಯುವುದೂ ಬೇಡ. ಅದರೊಳಗೆ ಇರುವುದು ನಾವು ಕನ್ನಡದಲ್ಲೇ ಕಲಿತ ಗುಣಾಕಾರ ಭಾಗಾಕಾರಗಳು. ಅದು ಏನನ್ನು ಹಿಡಿದಿಡುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂದು ತಿಳಿದವನಿಗೆ ಅದೊಂದು ಒಳ್ಳೆಯ ಸಾಧನ. ಚೆಂಡೆಯ ಒಂದು ಪೆಟ್ಟನ್ನು ಅದು ನೂರು ಸಲವೂ ಒಂದೇ ರೀತಿ ಮರುನುಡಿಸಬಲ್ಲದು. ನೂರು ಪೆಟ್ಟುಗಳನ್ನು ನೂರು ರೀತಿಯಲ್ಲಿ ಬಾರಿಸುವ ಕೈ ಮಾತ್ರ ಊರಿನಲ್ಲೇ ಬೆಳೆಯಬೇಕು.

ರಜೆಯಲ್ಲಿ ಮಾಡಲು ಒಂದು ಕೆಲಸ ಹೇಳುತ್ತೇವೆ. ಕಾಸರಗೋಡು ಸೀರೆಯ ಕೈಮಗ್ಗದಲ್ಲಿ ಲಾಳಿ ಓಡುವ ಸದ್ದು, ಸುರಂಗದೊಳಗೆ ನೀರು ತೊಟ್ಟಿಕ್ಕುವ ಸದ್ದು, ಹಿರಿಯ ಕಲಾವಿದರ ಮದ್ದಳೆಯ ನಡೆ, ಅಜ್ಜಿಯ ಕಡೆಗೋಲಿನ ಸದ್ದು, ಇವುಗಳಲ್ಲಿ ಸಿಕ್ಕಿದ್ದನ್ನು ಧ್ವನಿಮುದ್ರಿಸಿರಿ. ನುಡಿಸಿದವರ ಒಪ್ಪಿಗೆಯನ್ನು ಮೊದಲೇ ಕೇಳಿರಿ. ಹೆಸರು, ಊರು, ದಿನಾಂಕಗಳನ್ನು ಬರೆದಿಡಿರಿ. ಮೂಲವನ್ನು ತಿದ್ದದೆ ಹಾಗೆಯೇ ಉಳಿಸಿ, ಪ್ರಯೋಗಗಳನ್ನು ಅದರ ಪ್ರತಿಯಲ್ಲಿ ಮಾಡಿರಿ. ಸುರಂಗಕ್ಕೆ ಹಿರಿಯರ ಜೊತೆಗಲ್ಲದೆ ಹೋಗಬಾರದು. ಹೆತ್ತವರೂ ಮಕ್ಕಳ ಜೊತೆ ಕುಳಿತು, ತಮ್ಮ ಬಾಲ್ಯದಲ್ಲಿ ಕೇಳುತ್ತಿದ್ದು ಈಗ ಕೇಳಿಸದಿರುವ ಸದ್ದುಗಳು ಯಾವುವೆಂದು ಹೇಳಿದರೆ ಪಟ್ಟಿ ಇನ್ನೂ ಉದ್ದವಾದೀತು.