ಕೌನ್ಸಿಲ್ ಆಫ್ ಇಂಡಿಪೆಂಡೆಂಟ್ ಕಾಲೇಜಸ್ (ಸಿಐಸಿ)

ಅಮೆರಿಕದ ಖಾಸಗಿ ಕಾಲೇಜುಗಳ ಲಾಭರಹಿತ ಒಕ್ಕೂಟವಾದ ಸಿಐಸಿ, 1956ರಲ್ಲಿ ಸಣ್ಣ ಕಾಲೇಜುಗಳ ಏಳಿಗೆಗಾಗಿ ಬೇರೊಂದು ಹೆಸರಿನಲ್ಲಿ ಆರಂಭವಾಗಿ, ಈಗ ವಾಷಿಂಗ್ಟನ್ ಡಿ.ಸಿ.ಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿದೆ. ಇಲ್ಲಿ ‘ಇಂಡಿಪೆಂಡೆಂಟ್’ ಎಂದರೆ ರಾಜ್ಯ ಸರ್ಕಾರದ ಒಡೆತನಕ್ಕೆ ಒಳಪಡದೆ, ಸ್ವಂತ ವಿಶ್ವಸ್ತ ಮಂಡಳಿಯ ಆಡಳಿತದಲ್ಲಿ ನಡೆಯುವ ಸಂಸ್ಥೆ ಎಂದರ್ಥ. ಇಂಥ ಸ್ವಾಯತ್ತತೆಗೆ ಕಾನೂನಿನ ಬಲ ದೊರೆತದ್ದು, ಕಾಲೇಜಿನ ಸನ್ನದು ಒಂದು ಒಪ್ಪಂದವೇ ಆದ್ದರಿಂದ ರಾಜ್ಯವು ಅದನ್ನು ಏಕಪಕ್ಷೀಯವಾಗಿ ಬದಲಿಸಲಾಗದೆಂದು ಸುಪ್ರೀಂ ಕೋರ್ಟ್ 1819ರ ಡಾರ್ಟ್‌ಮತ್ ಕಾಲೇಜು ಪ್ರಕರಣದಲ್ಲಿ ನೀಡಿದ ತೀರ್ಪಿನಿಂದ.

ಅಧ್ಯಕ್ಷರು ಮತ್ತು ವಿಭಾಗ ಮುಖ್ಯಸ್ಥರಿಗೆ ತರಬೇತಿ ನೀಡುವುದು ಸಂಸ್ಥೆಯ ನಿತ್ಯದ ಕೆಲಸವಾದರೂ, ಸಹಕಾರದ ನಿಜವಾದ ಸೊಗಸು ಕಾಣುವುದು ಬೋಧನಾ ಶುಲ್ಕ ವಿನಿಮಯ ಯೋಜನೆಯಲ್ಲಿ: ಒಂದು ಸದಸ್ಯ ಕಾಲೇಜಿನ ಪೂರ್ಣಾವಧಿ ನೌಕರರ ಮಗಳು, ಯೋಜನೆಗೆ ಸೇರಿದ ಮತ್ತೊಂದು ಕಾಲೇಜಿನಲ್ಲಿ ಪ್ರವೇಶ ಪಡೆದು ವಿನಿಮಯಕ್ಕೆ ಆಯ್ಕೆಯಾದರೆ, ಬೋಧನಾ ಶುಲ್ಕವಿಲ್ಲದೆ ಓದಬಹುದು, ಊಟ, ವಸತಿಯ ವೆಚ್ಚ ಮಾತ್ರ ಬೇರೆ. ಹೆಚ್ಚಿನ ನಿಧಿಯಿಲ್ಲದ ಸಣ್ಣ ಕಾಲೇಜುಗಳು ತಮ್ಮ ನೌಕರರಿಗೆ ಕೊಡಬಹುದಾದ ಇದಕ್ಕಿಂತ ಮಾನವೀಯವಾದ ಸೌಲಭ್ಯ ವಿರಳ.

ಪರೀಕ್ಷಾರ್ಥಿಗಳು ಸಿಐಸಿಯನ್ನು 1976ರಲ್ಲಿ ಸ್ಥಾಪನೆಯಾದ ‘ನೈಕು’ ಸಂಘದೊಂದಿಗೆ ಬೆರೆಸಬಾರದು. ಪೆಲ್ ಗ್ರಾಂಟ್, ಅಂದರೆ ಕಡಿಮೆ ಆದಾಯದ ಕುಟುಂಬಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ, ಮರಳಿಸಬೇಕಿಲ್ಲದ ನೆರವು, ಹಾಗೂ ತೆರಿಗೆ ನೀತಿಯಂಥ ವಿಷಯಗಳಲ್ಲಿ ಸಂಸತ್ತಿನ ಮುಂದೆ ಖಾಸಗಿ ಕಾಲೇಜುಗಳ ಪರ ವಾದಿಸುವ ಹೊಣೆ ಮುಖ್ಯವಾಗಿ ನೈಕುವಿನದು.